ಭೀಮೇಶರ ವರದಿಯಲ್ಲಿ ನನ್ನ ಸೀಸೆ ಇಲ್ಲ

ವಿಶ್ವವಿದ್ಯಾಲಯದ ಉಪಕರಣ ಕೇಂದ್ರದ ಮುಖ್ಯಸ್ಥರಾದ ಮಾನ್ಯರೇ,

ನನ್ನ ಪಿಎಚ್‌.ಡಿ. ಪ್ರಬಂಧಕ್ಕೆಂದು ಏಳು ತಿಂಗಳ ಹಿಂದೆ ಸೀಸೆಯಲ್ಲಿ ಕೊಟ್ಟ ಗ್ರಾಫೀನ್ ಆಕ್ಸೈಡಿನ ಪುಡಿಯನ್ನು ತಾವು ಅದರ ರಚನೆ ಅಳೆಯುವ ಎಕ್ಸ್-ರೇ ಯಂತ್ರದಲ್ಲಿ ಇಟ್ಟೇ ಇಲ್ಲ. ಬದಲಿಗೆ ಹೊನ್ನಾಳಿಯ ಉಪನ್ಯಾಸಕ ಭೀಮೇಶರ ವರದಿಯ ಜೆರಾಕ್ಸ್ ಕಳಿಸಿ, ‘ಎರಡೂ ಒಂದೇ ಮಾದರಿ’ ಎಂದು ಷರಾ ಬರೆದಿದ್ದೀರಿ. ಪಕ್ಕದ ಮನೆಯವರು ಉಂಡರೆ ನನ್ನ ಹೊಟ್ಟೆ ತುಂಬುತ್ತದೆಯೇ?

ಹೌದು, ನನಗೆ ಹೊಟ್ಟೆಕಿಚ್ಚು. ಮುಚ್ಚಿಡುವುದಿಲ್ಲ. ಅವರ ಸೀಸೆಗೆ ಒಂಬತ್ತೇ ದಿನದಲ್ಲಿ ಸರದಿ ಬಂತು, ತಮ್ಮ ಕಚೇರಿಯ ಗೋಡೆಗೆ ಅವರ ಫೋಟೊ ಏರಿತು. ಆ ಫೋಟೊದಲ್ಲಿ ಅವರು ಹಿಡಿದು ನಿಂತಿರುವುದು ಪುಡಿ ತಯಾರಿಸಲು ನಾನು ತಂದಿದ್ದ ಗಾಜಿನ ಪಾತ್ರೆ. ಅದನ್ನು ಕಂಡ ದಿನ ನನಗೆ ಊಟ ಸೇರಲಿಲ್ಲ.

ಪುಡಿಯನ್ನು ನಾವಿಬ್ಬರೂ ಒಟ್ಟಿಗೆ ಮಾಡಿದ್ದು ನಿಜ. ಬೇಸಿಗೆ ರಜೆಯಲ್ಲಿ ಚನ್ನಗಿರಿಯ ಕಾಲೇಜೊಂದರ ಪ್ರಯೋಗಾಲಯದಲ್ಲಿ, ಗ್ರಾಫೈಟನ್ನು ಗಂಧಕಾಮ್ಲದಲ್ಲಿ ಕಲಸಿ, ಪರ್ಮಾಂಗನೇಟನ್ನು ಚಿಟಿಕೆ ಚಿಟಿಕೆಯಾಗಿ ಹಾಕಿದವಳು ನಾನು. ಬಿಸಿ ಏರಿದರೆ ಅಪಾಯ, ಸುತ್ತ ಐಸು ಬೇಕು. ಸೂಳೆಕೆರೆಯ ಮೀನು ವ್ಯಾಪಾರಿ ಮೂಕಪ್ಪನವರಲ್ಲಿ ಕೊಂಡೆವು. “ಎಷ್ಟು ಮೀನು ಹಿಡಿದೀರಿ ಮೇಡಂ, ಇಷ್ಟೊಂದು ಐಸು ಒಯ್ಯಾಕೆ?” ಎಂದು ನಕ್ಕರು. ಕೊನೆಗೆ ಪೆರಾಕ್ಸೈಡ್ ಬಿದ್ದಾಗ ಕಂದು ಕೆಸರು ಅರಿಶಿನದ ಬಣ್ಣಕ್ಕೆ ತಿರುಗಿತು. ಅರ್ಧರ್ಧ ಹಂಚಿಕೊಂಡು, ತಂತಮ್ಮ ಊರಿಗೆ ಒಯ್ದು, ಆಮ್ಲ ಹೋಗುವವರೆಗೆ ತೊಳೆದೆವು.

ವ್ಯತ್ಯಾಸವಿರುವುದು ಈ ತೊಳೆಯುವುದರಲ್ಲಿ. ಭೀಮೇಶ್ ಕೊನೆಯವರೆಗೂ ಬಟ್ಟಿ ಇಳಿಸಿದ ನೀರು ಬಳಸಿದರು. ಜಗಳೂರಿನಲ್ಲಿ ನನ್ನ ಕ್ಯಾನು ಆರನೆಯ ದಿನಕ್ಕೆ ಖಾಲಿ. ಕೊನೆಯ ಎರಡು ಸಲ ಬೋರ್‌ವೆಲ್ ನೀರನ್ನೇ ಸುರಿದೆ. ಗಂಟೆಗಟ್ಟಲೆ ತಳ ಸೇರದ ಪುಡಿ ಥಟ್ಟನೆ ಕೂತಿತು. ನನ್ನಂಥ ಬುದ್ಧಿವಂತೆ ಇಲ್ಲವೆಂದು ಹಿಗ್ಗಿದೆ. ಆಮೇಲೆ ಹೊಳೆಯಿತು: ನಮ್ಮ ಗಡಸು ನೀರಿನ ಸುಣ್ಣದಂಶವೇ ಅದನ್ನು ಗಂಟು ಕಟ್ಟಿಸಿರಬೇಕು. ಕೆಟ್ಟಿತೋ ಉಳಿಯಿತೋ ನನಗೆ ಗೊತ್ತಿಲ್ಲ. ಯಂತ್ರಕ್ಕೆ ಇಡದೆಯೇ ತಮಗೆ ಹೇಗೆ ಗೊತ್ತಾಯಿತು?

ಭೀಮೇಶ್ ಫೋನು ಮಾಡಿದ್ದರು. “ಸಿಟ್ಟು ಯಾಕ್ರೀ ಮೇಡಂ? ನಿಮ್ದೂ ಅದೇ ಪುಡಿ ಐತಲ್ಲ. ನನ್ನ ವರದಿಗೇ ನಿಮ್ಮೆಸ್ರು ಸೇರ್ಸಾಕೆ ಹೇಳ್ತೀನಿ ಬಿಡ್ರಿ.” ಒಳ್ಳೆಯ ಮನುಷ್ಯ. ನನಗೆ ಹೆಚ್ಚು ಉರಿಯುವುದೂ ಅದಕ್ಕೇ.

ಪ್ರಬಂಧ ಸಲ್ಲಿಸಲು ಇಪ್ಪತ್ತು ದಿನ ಉಳಿದಿವೆ. ಅವರ ವರದಿ ಲಗತ್ತಿಸಿದರೆ ಪದವಿ ಸಿಗುತ್ತದೆ, ಯಾರೂ ಕೇಳುವುದಿಲ್ಲ. ನಾನು ಲಗತ್ತಿಸುವುದಿಲ್ಲ. ನನ್ನ ಸೀಸೆಯನ್ನು ತಮ್ಮ ಬೀರುವಿನಿಂದ ತೆಗೆದು ಅಳೆಯಿರಿ. ಕೆಟ್ಟಿದ್ದರೆ ಕೆಟ್ಟಿದೆ ಎಂದೇ ಬರೆದು, ಮೇಲೆ ನನ್ನೊಬ್ಬಳ ಹೆಸರು ಹಾಕಿ ಕೊಡಿ.

ಇಂತಿ,
ಪರರ ಒಳ್ಳೆಯ ವರದಿ ಒಲ್ಲದ,
ದುರ್ಗಾಂಬಿಕಾ
ರಸಾಯನಶಾಸ್ತ್ರ ಉಪನ್ಯಾಸಕಿ, ಜಗಳೂರು