ಕಾಗದದ ಗಂಟೆ, ಕೋಶದ ಗಂಟೆ

ಫೆಬ್ರವರಿ 3, ಬೆಳಿಗ್ಗೆ

ಮತ್ತೆ ಕೊಯ್ಯುವ ಕೆಲಸ. ಮೆದುಳಿನ ಚೂರು, ವಜ್ರದ ಅಲಗು. ಬೆಳ್ಳಿ ಬಣ್ಣದ ಪದರಗಳು ನೀರಿನ ಮೇಲೆ ತೇಲಿ ಬಂದವು... ನೋಡುತ್ತ ಕೂತರೆ ಕೆಲಸವೇ ಮರೆಯುತ್ತದೆ. ನಗಮಿನೆ ಎಂಬ ನಿವೃತ್ತ ಮೇಷ್ಟ್ರದು. ಬದುಕಿರುವಾಗಲೇ ಸಹಿ ಹಾಕಿ ನಮ್ಮ ಲ್ಯಾಬಿನ ಮೆದುಳು ಸಂಗ್ರಹಕ್ಕೆ ಕೊಟ್ಟವರು. ಸಾವು ಸಂಜೆ 4.10. ಕೆಡದಂತೆ ಕಾಯುವ ದ್ರಾವಣಕ್ಕೆ ಹಾಕಿದ್ದು ಏಳಕ್ಕೆ. ಇಷ್ಟು ಬೇಗ ಸಿಗುವುದು ಅಪರೂಪ. ಲ್ಯಾಬಿನ ಮುಖ್ಯಸ್ಥ ತಚಿಬಾನ ಡಾಕ್ಟರಿಗೆ ಹಿಡಿಸಲಾರದಷ್ಟು ಖುಷಿ.

ಫೆಬ್ರವರಿ 5

ಮೈಕ್ರೋಸ್ಕೋಪಿನಲ್ಲಿ ಬೇರೆಯೇ ಕಥೆ. ಮೈಟೊಕಾಂಡ್ರಿಯಾ ಊದಿವೆ, ಒಳಗಿನ ಮಡಿಕೆಗಳೇ ಇಲ್ಲ. ರಕ್ತನಾಳದ ಸುತ್ತ ಬಿಳಿ ಖಾಲಿ — ಹಿಮ ಬಿದ್ದ ಗದ್ದೆ. ಅದರೊಳಗೆ ಎಷ್ಟು ಹೊತ್ತು ನಡೆದೆನೋ! ಸತ್ತು ಮೂರು ಗಂಟೆಯಾದ ಮೆದುಳಲ್ಲ ಇದು. ಆರಾದರೂ ಆಗಿದೆ.

ಫೆಬ್ರವರಿ 6

ವಾರ್ಡಿನ ನರ್ಸ್ ಮಿಕಾಮಿಯನ್ನು ಕೇಳಿದೆ. ಮೇಷ್ಟ್ರ ಹೃದಯ ನಿಂತದ್ದು ಮಧ್ಯಾಹ್ನ ಒಂದಕ್ಕೇ ಅಂತೆ. ನಾಗೋಯಾದಿಂದ ಬರುತ್ತಿದ್ದ ಮಗಳ ರೈಲು ಹಿಮದಲ್ಲಿ ಸಿಕ್ಕಿಕೊಂಡಿತ್ತು. ಮೇಷ್ಟ್ರಿಗೆ ಬೆಚ್ಚಗೆ ಹೊದಿಸಿ ಕಾದರು. ಮಗಳು ಬಂದು ಕೈ ಹಿಡಿದ ಮೇಲೆ ವಾರ್ಡಿನ ಡಾಕ್ಟರು ಗಡಿಯಾರ ನೋಡಿ, ಅದನ್ನೇ ಸಾವಿನ ಗಂಟೆಯೆಂದು ಹೇಳಿ ತಲೆ ಬಾಗಿಸಿದರು.

"ಅಪ್ಪ ಸಾಯೋವಾಗ ಇಲ್ದಿದ್ದ ಮಗಳು ಅನ್ನಿಸ್ಕೊಂಡು ಬದುಕ್ಬೇಕಾ ಅವ್ಳು? ನಿಮ್ಗೇನು, ಗಾಜಿನ ಮೇಲಿನ ಚೂರು" ಎಂದಳು ಮಿಕಾಮಿ. ಸಿಟ್ಟು ಬಂತು. ನನ್ನ ಮೇಲೇ.

ಫೆಬ್ರವರಿ 7

ದಾಖಲೆಯ ಗಂಟೆ ತಿದ್ದದಿದ್ದರೆ, ಸತ್ತ ಮೇಲಿನ ಗಂಟೆಗಳು ಕೋಶಕ್ಕೆ ಮಾಡಿದ್ದನ್ನು ರೋಗ ಮಾಡಿತೆಂದು ಯಾರೋ ಬರೆಯುತ್ತಾರೆ. ತಿದ್ದಿದರೆ ಮಗಳಿಗೆ ಹೋಗುವ ವರದಿಯಲ್ಲೂ ಅದೇ ಗಂಟೆ. ಅತ್ತ ದರಿ, ಇತ್ತ ಪುಲಿ.

ಮಾರ್ಚ್ 2

ತಿದ್ದಿದ್ದೆ. ವರದಿಗೆಂದು ಮಗಳು ಚಿನಾತ್ಸು ತಾನೇ ಬಂದಳು, ಅಕ್ಕಿ ಬಿಲ್ಲೆ ತಿಂಡಿಯ ಡಬ್ಬಿ ಹಿಡಿದು. ಓದಿದಳು. ಗಂಟೆಯ ಮೇಲೆ ಬೆರಳಿಟ್ಟಳು.

"ಕೈ ಬೆಚ್ಚಗಿತ್ತಲ್ಲ... ನಾನ್ ಬಂದಾಗ ಅಪ್ಪ ಇರ್ಲೇ ಇಲ್ವಾ?"

ಹೊದಿಕೆಯ ಮಾತು ನಾಲಿಗೆ ತುದಿಗೆ ಬಂತು, ನುಂಗಿದೆ. ಕೋಶಗಳೆಲ್ಲ ಒಟ್ಟಿಗೆ ಹೊರಡುವುದಿಲ್ಲ ಎಂದೆ. ಯೋಚಿಸುವವು ಮೊದಲು ಹೋಗುತ್ತವೆ, ಅವುಗಳ ಆರೈಕೆಗೆ ಇರುವವು ಇನ್ನೂ ಎಷ್ಟೋ ಗಂಟೆ ಉಳಿದು ಮನೆ ಒಪ್ಪ ಮಾಡುತ್ತಿರುತ್ತವೆ. ಸುಳ್ಳಲ್ಲ ಇದು. ತೋರಿಸಿ ಎಂದಳು. ತೆರೆಯ ಮೇಲೆ ಅಂಥ ಒಂದು ಕೋಶ ತೋರಿಸಿದೆ. ಬಹಳ ಹೊತ್ತು ನೋಡಿದಳು, ಬೆರಳಿಂದ ಸವರಿದಳು. ಅತ್ತಳು, ಆದರೆ ಮುಖ ಹಗುರಾಗಿತ್ತು.

ಹೊರಡುವಾಗ ಕೇಳಿದಳು: "ನಿಮ್ಮ ತಂದೆ ಹೋಗೋವಾಗ ನೀವು ಹತ್ರ ಇದ್ರಾ?"

ಇದ್ದೆ ಎಂದೆ. ಹದಿನೈದು ವರ್ಷದಿಂದ ಎಲ್ಲರಿಗೂ ಹಾಗೇ ಹೇಳಿದ್ದೇನೆ. ಅಂದು ಓಡಿ ಬಂದೆ, ಬೆಚ್ಚಗಿದ್ದ ಕೈ ಹಿಡಿದೆ. ಡಾಕ್ಟರು ಮೊದಲು ನನ್ನನ್ನು ನೋಡಿದರು, ಆಮೇಲೆ ಗಡಿಯಾರ —