ಬಚ್ಚಲಿಗೂ ಬೋರ್ಡೋ ಹೊಡೆದವರಿಗೆ

ರೀ,

ಕಳಸದ ಬಸ್ಸಿಗೆ ಹೊರಟೆ. ತಂಗಿ ಮನೆಯಿಂದ ನಾಳೆ ಸಂಜೆ ಬರ್ತೀನಿ. ಸಾರು ಮಾಡಿಟ್ಟಿದ್ದೀನಿ, ಅನ್ನ ಒಂದು ಮಾಡ್ಕೊಳ್ಳಿ. ಉಳಿದದ್ದೆಲ್ಲ ಬಚ್ಚಲಿನ ವಿಷಯ.

ಅಲ್ಲ ಮಾರಾಯ್ರೆ, ಟೈಲ್ಸ್ ಸಂದಿಯ ಬೂಷ್ಟು ತೆಗೀರಿ ಅಂದ್ರೆ ಮೆಣಸಿನ ಬಳ್ಳಿಗೆ ಕೊಳೆರೋಗ ಬರದ ಹಾಗೆ ಹೊಡೆಯೋ ಬೋರ್ಡೋ ದ್ರಾವಣ ತಂದು ಹೊಡೆಯೋದಾ? ಹೋದ ತಿಂಗಳು ಕಪ್ಪಿನ ಮೇಲೇ ವೈಟ್ ಸಿಮೆಂಟ್ ಬಳಿದ್ರಿ, ಹದಿನೈದೇ ದಿನಕ್ಕೆ ಮತ್ತೆ ಕಪ್ಪಾಯ್ತು. ಈಗ ನೋಡಿದ್ರೆ ಗೋಡೆಯೆಲ್ಲ ನೀಲಿ! ಸ್ನಾನಕ್ಕೆ ಹೋದ ಅತ್ತೆ ಹಾಗೇ ವಾಪಸ್ ಬಂದು, "ನನಗೇನು ಕೊಳೆರೋಗ ಬಂದಿದ್ಯಾ?" ಅಂತ ಕೇಳಿದ್ರು.

ನೀಲಿಗೆ ಹುಣಸೆಹಣ್ಣು ಹಚ್ಚಿ, ತಾಮ್ರದ ಚೊಂಬು ತಿಕ್ಕಿದ ಹಾಗೆ ತಿಕ್ಕಿ. ತೊಳೆದ ಮೇಲೆ ಕಪ್ಪಿಗೆ ಅಡುಗೆ ಸೋಡಾ ಹಾಕಿ ಹಳೇ ಬ್ರಷ್‌ನಲ್ಲಿ ಉಜ್ಜಿ. ನನ್ನ ಬ್ರಷ್ ಅಲ್ಲ! ಕೊನೆಗೆ ನೆಲ ಒಣಬಟ್ಟೆಯಲ್ಲಿ ಒರೆಸಿ. ಮೊನ್ನೆ ಅತ್ತೆ ಅಲ್ಲೇ ಜಾರಿದ್ದು ನೆನಪಿದೆ ತಾನೇ?

ಮತ್ತೆ ಆ ಬಚ್ಚಲಿನ ಕಿಟಕಿ ತೆಗೆದಿಡಿ. ತೋಟಕ್ಕೆ ಗಾಳಿ ಬೆಳಕು ಬೇಕು ಅಂತ ವರ್ಷಾ ವರ್ಷಾ ಆಳು ಹತ್ತಿಸಿ ಕೊಂಬೆ ಕಡಿಸಿ ಮರಗಸಿ ಮಾಡಿಸ್ತೀರಿ, ಮನೆಯ ಒಂದು ಚಿಲಕ ತೆಗೆಯೋಕೆ ನಿಮಗೆ ಎಷ್ಟು ಸಲ ಹೇಳ್ಬೇಕು?

ಯಾಕೆ ಮುಚ್ತೀರಿ ಅಂತ ನನಗೆ ಗೊತ್ತು. ಹಾಡೋದು ಯಾರಿಗೂ ಕೇಳ್ಬಾರ್ದು ಅಂತ. ಮುಚ್ಚಿದ್ರೂ ಅಡುಗೆಮನೆಗೆ ಚೆನ್ನಾಗೇ ಕೇಳುತ್ತೆ. ನೀವು ಸ್ನಾನಕ್ಕೆ ಹೋದಾಗ ನಾನು ಮಿಕ್ಸಿ ಹಾಕೋದೇ ಇಲ್ಲ. ಹದಿನೆಂಟು ವರ್ಷದಲ್ಲಿ ಅದೂ ಗೊತ್ತಾಗ್ಲಿಲ್ವಾ?

ಅರುಣಾ