ದೋಣಿಕಟ್ಟೆಯ ಫಲಕ

ಕಚೇರಿ
ಮಂಗಳವಾರ, ಊಟದ ಬಿಡುವು

ಮುನಿಸಿಕೊಂಡು ಕೂತಿರುವ ನನ್ನ ಅಮ್ಮನಿಗೆ,

ಫೋನ್ ಮಾಡಿದರೆ ಎತ್ತುವುದಿಲ್ಲ. ಎತ್ತಿದರೂ “ಒಲೆ ಮೇಲೆ ಹಾಲಿದೆ” ಅಂತ ಇಟ್ಟುಬಿಡುತ್ತೀಯ. ಒಬ್ಬಳೇ ಇರುವವಳ ಮನೆಯಲ್ಲಿ ದಿನಕ್ಕೆ ಎಷ್ಟು ಸಲ ಹಾಲು ಕಾಯುತ್ತದೆ? ಅದಕ್ಕೇ ಈ ಕಾಗದ.

ನಾಡಿದ್ದು ಹಳೆಯ ದೋಣಿಕಟ್ಟೆಯಲ್ಲಿ ಫಲಕ ನಿಲ್ಲಿಸುತ್ತಾರೆ. ಊರಿನ ಚರಿತ್ರೆಯ ಜಾಗಗಳಿಗೆಲ್ಲ ನಗರಸಭೆ ಹಾಕಿಸುತ್ತಿರುವ ಮೂವತ್ತು ಕಲ್ಲುಗಳಲ್ಲಿ ಅದೂ ಒಂದು. ಉಳಿದ ಇಪ್ಪತ್ತೊಂಬತ್ತರ ಬರಹ ಬರೆಯುವಾಗ ನನಗೆ ಒಂದು ದಿನವೂ ತಲೆಬಿಸಿಯಾಗಲಿಲ್ಲ. ದೀಪಸ್ತಂಭವಾಗಲಿ, ಹಳೆಯ ಉಗ್ರಾಣವಾಗಲಿ ನಿನ್ನ ಹಾಗೆ ಹಟ ಹಿಡಿಯುವುದಿಲ್ಲವಲ್ಲ!

ನಾನು ಬರೆದದ್ದು ಇಷ್ಟೇ. ನಲವತ್ತೊಂದು ವರ್ಷದ ಹಿಂದೆ ಇಲ್ಲಿ ಜನರನ್ನು ದಾಟಿಸುವ ದೋಣಿ ಮಗುಚಿತು. ಬಲೆ ಹೆಣೆಯುವ ಶೆಡ್ಡಿನ ಐವರು ಹೆಂಗಸರು ಸೊಂಟಕ್ಕೆ ಹಗ್ಗ ಬಿಗಿದುಕೊಂಡು ನೀರಿಗಿಳಿದು ಹತ್ತೊಂಬತ್ತು ಜನರನ್ನು ಎಳೆದು ತಂದರು. ಕೆಳಗೆ ಐದು ಹೆಸರು, ಕೊನೆಯದು ನಿನ್ನದು. ಇದನ್ನೆಲ್ಲ ನನಗೆ ಹೇಳಿದ್ದು ಆ ಐವರಲ್ಲೊಬ್ಬಳಾದ ನಿನ್ನ ಗೆಳತಿ ಗಿಡ್ಡಕ್ಕ, ಸಾಯುವ ಮುಂಚೆ ಆಸ್ಪತ್ರೆಯ ಹಾಸಿಗೆಯಲ್ಲಿ. ನೀನಂತೂ ಯಾವತ್ತೂ ಬಾಯಿಬಿಟ್ಟವಳಲ್ಲ.

ಫಲಕಗಳ ಬರಹ ಒಪ್ಪುವ ಸಮಿತಿಯ ಅಧ್ಯಕ್ಷರು ನಿವೃತ್ತ ಮೇಷ್ಟ್ರು. ಕನ್ನಡಕ ಹಣೆಗೇರಿಸಿ, “ಕಡತದಲ್ಲಿ ಆಗಿನ ಬಂದರಿನ ಅಧಿಕಾರಿ ಕಾಪಾಡಿದ್ರು ಅಂತಿದೆ. ಅವ್ರಿಗೆ ಪದಕಾನೂ ಬಂದಿದೆ. ಬಾಯಿಮಾತನ್ನ ಕಲ್ಲಲ್ಲಿ ಕೆತ್ತೋಕಾಗಲ್ಲಮ್ಮ, ಸಾಕ್ಷಿ ತಗೊಂಡು ಬಾ” ಅಂದರು. ಐವರಲ್ಲಿ ಉಳಿದವಳು ನೀನೊಬ್ಬಳೇ. ನಗುನಗುತ್ತಾ ನಿನ್ನ ಹತ್ತಿರ ಓಡಿಬಂದೆ.

ನೀನು ಮಾಡಿದ್ದೇನು? ರೆಕಾರ್ಡರ್ ಮೇಜಿನ ಮೇಲಿಟ್ಟ ಕೂಡಲೇ ಎದ್ದು ಹೋಗಿ, ತೊಳೆದ ಪಾತ್ರೆಗಳನ್ನೇ ಮತ್ತೆ ತೊಳೆದೆ. “ನಂಗ್ಯಾವ ಕಲ್ಲೂ ಬೇಡ. ಸತ್ತ ಮೇಲೂ ಬೇಡ” ಅಂದೆ. ಯಾಕೆ ಅಂತ ಕೇಳಿದರೆ, “ವಟವಟ ಅನ್ಬೇಡ.” ನಾನೂ ಸುಮ್ಮನಿರದೆ ನಿನ್ನನ್ನು ಹೇಡಿ ಅಂದುಬಿಟ್ಟೆ. ಆ ಮಾತು ಆಡಬಾರದಿತ್ತು.

ಆಮೇಲೆ ಆ ಅಧಿಕಾರಿಯ ಮಗಳನ್ನು ಹುಡುಕಿಕೊಂಡು ಹೋದೆ. ಹೊಲಿಗೆ ಕಲಿಸುವ, ವಯಸ್ಸಾದ ಹೆಂಗಸು. ಪಾಪ, ಅಟ್ಟದಿಂದ ಎರಡು ಟ್ರಂಕು ಇಳಿಸಿ ತಂದೆಯ ಕಾಗದಗಳನ್ನೆಲ್ಲ ಹರವಿದರು. ಕೆಲಸಕ್ಕೆ ಬರುವಂಥದ್ದೇನೂ ಸಿಗಲಿಲ್ಲ. ಬರಿಗೈಯಲ್ಲಿ ಸಮಿತಿಯ ಮುಂದೆ ಕೂತೆ.

ನಿನ್ನೆ ತೀರ್ಮಾನವಾಯಿತು. ಅಧಿಕಾರಿಯ ಹೆಸರು ದಪ್ಪಕ್ಷರದಲ್ಲಿ, ಕೊನೆಗೆ ‘ಸ್ಥಳೀಯರ ನೆರವಿನೊಂದಿಗೆ’. ಆ ಎರಡು ಪದಕ್ಕೂ ನಾನು ಕಾಡಿ ಬೇಡಬೇಕಾಯಿತು. ಅಮ್ಮಾ, ನೀನೀಗ ‘ಸ್ಥಳೀಯರು’. ಗಿಡ್ಡಕ್ಕನೂ ಸ್ಥಳೀಯರು. ಸಾಲದ್ದಕ್ಕೆ ಕಲ್ಲು ಕೆತ್ತುವವರು, “ಜಾಗ ಸಾಲ್ತಿಲ್ಲ ಮೇಡಂ, ಕೊನೇದನ್ನ ಬಿಟ್ಬಿಡ್ಲಾ?” ಅಂತ ಕೇಳಿದರು. ಅವರ ಮೇಲೆ ಹರಿಹಾಯ್ದೆ. ಅವರದೇನು ತಪ್ಪು? ಕರಡಿನ ಕೆಳಗೆ ಸಹಿ ಹಾಕಿದ್ದು ನಾನೇ. ಪೆನ್ನು ಒತ್ತಿದ ಒತ್ತಿಗೆ ಕಾಗದ ಹರಿಯಿತು. ನನಗೆ ಯಾರ ಮೇಲೆ ಸಿಟ್ಟು ಅಂತ ನನಗೇ ತಿಳಿಯುತ್ತಿಲ್ಲ.

ಸಮಾರಂಭಕ್ಕೆ ಹೋಗುವುದಿಲ್ಲ. ಜ್ವರ ಅಂತ ಹೇಳಿದರಾಯಿತು. ಮೊಣಕಾಲಿಗೆ ಎಣ್ಣೆ ಹಚ್ಚುವುದನ್ನು ಬಿಡಬೇಡ.

ಇಂತಿ,
ಕೋಪ ಇನ್ನೂ ಇಳಿಯದ ನಿನ್ನ ಮಗಳು,
ವಟವಟಿ

ತಾ.ಕ.: ಕವರು ಅಂಟಿಸಿದವಳು ಮತ್ತೆ ಬಿಚ್ಚಿದೆ. ಟ್ರಂಕಿನಲ್ಲಿ ಏನೂ ಸಿಗಲಿಲ್ಲ ಅಂದದ್ದು ಸುಳ್ಳು. ಅಧಿಕಾರಿಯ ದಿನಚರಿ ಸಿಕ್ಕಿತು, ಅವರ ಮಗಳೇ ಅದನ್ನು ನನ್ನ ಕೈಗೆ ಕೊಟ್ಟರು. ತಾನು ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು ಅಂತ ಅವರೇ ಬರೆದುಕೊಂಡಿದ್ದಾರೆ. ಐವರ ಹೆಸರೂ ಇದೆ. ಅದರ ಕೆಳಗೇ, ನಿನ್ನ ಕೈಯಿಂದ ಒಂದು ಹೆಣ್ಣುಮಗು ಜಾರಿಹೋಯಿತು, ಮತ್ತೆ ನೀರಿಗೆ ನುಗ್ಗುತ್ತಿದ್ದ ನಿನ್ನನ್ನು ಹಿಡಿದು ದಡಕ್ಕೆ ತರಲು ಉಳಿದ ನಾಲ್ವರೂ ಬೇಕಾಯಿತು ಅಂತಲೂ ಇದೆ. ಆ ಪುಟ ಕೊಟ್ಟಿದ್ದರೆ ಕಲ್ಲಿನಲ್ಲಿ ನಿನ್ನ ಹೆಸರಿರುತ್ತಿತ್ತು. ಆದರೆ ಸಮಿತಿಯವರು ಸಾಕ್ಷಿ ಅಂತ ಆ ಪುಟವನ್ನೂ ಗಾಜಿನ ಪೆಟ್ಟಿಗೆಯಲ್ಲಿ ಊರಿಗೆಲ್ಲ ತೆರೆದಿಡುತ್ತಿದ್ದರು. ನಿನ್ನನ್ನು ಕೇಳದೆ ಕೊಡಲಾರದೆ ಬಚ್ಚಿಟ್ಟೆ. ಶನಿವಾರ ದಿನಚರಿ ತರುತ್ತೇನೆ. ಕೊಡು ಅಂದರೆ ಆ ಕಲ್ಲು ಕೀಳಿಸಿ ಬೇರೆ ಕೆತ್ತಿಸುವವರೆಗೂ ಬಿಡುವುದಿಲ್ಲ. ಬೇಡ ಅಂದರೆ ನಿನ್ನ ಕೈಯಲ್ಲಿಟ್ಟು ಸುಮ್ಮನಿರುತ್ತೇನೆ. ಮಗುವಿಗೆ ಮೂರು ವರ್ಷವಿರಬಹುದು ಅಂತ ಅವರು ಬರೆದಿದ್ದಾರೆ. ನನಗೂ ಆಗ ಮೂರೇ ವರ್ಷ. ಅವತ್ತು ಮನೆಗೆ ಬಂದು ನನ್ನನ್ನು ಹೇಗೆ ಎತ್ತಿಕೊಂಡೆ, ಅಮ್ಮಾ?